ನೈಟ್‌ಗಳ ಹಾಸ್ಯಚಿತ್ರಗಳನ್ನು ನೋಡುವ ಕ್ರಮ: ಒಂದು ಗಂಭೀರ ಸಿನಿಮಾ, ನಾಲ್ಕು ನಗೆಯ ಸಿನಿಮಾ

ಮಧ್ಯಯುಗದ ಯುರೋಪಿನಲ್ಲಿ ಕವಚ ತೊಟ್ಟು ಕುದುರೆ ಏರಿ ಕಾದುತ್ತಿದ್ದ ನೈಟ್ ಎಂಬ ಯೋಧರು, ಅವರ ಪವಿತ್ರ ಹುಡುಕಾಟಗಳು, ಜೆರುಸಲೇಮಿಗಾಗಿ ಮುಸ್ಲಿಮರ ಮೇಲೆ ಅವರು ಹೂಡಿದ ಕ್ರುಸೇಡ್ ಎಂಬ ಧರ್ಮಯುದ್ಧಗಳು. ಇವನ್ನು ಗೇಲಿ ಮಾಡುವ ಸಿನಿಮಾಗಳು ಬಹಳ ಜನಕ್ಕೆ ಮೊಬೈಲಿನಲ್ಲಿ ಬರುವ ಎರಡು ನಿಮಿಷದ ತುಣುಕುಗಳಾಗಿ ಗೊತ್ತು. ಪೂರ್ತಿ ಸಿನಿಮಾ ಹಾಕಿಕೊಂಡು ಕೂತವರು ಅರ್ಧಕ್ಕೇ ಎದ್ದುಹೋಗುವುದೂ ಉಂಟು. ಗೇಲಿ ಯಾವುದರ ಮೇಲೆ ಎಂದು ತಿಳಿಯದಿದ್ದರೆ ಹಾಗಾಗುವುದು ಸಹಜ. ಕುಮಾರವ್ಯಾಸನ ಉತ್ತರಕುಮಾರ ಹೆಂಗಸರ ಮುಂದೆ ಮೀಸೆ ತಿರುವಿ, ಕೌರವ ಸೇನೆ ಕಂಡೊಡನೆ ರಥದಿಂದ ಹಾರಿ ಓಡುವಾಗ ನಾವು ನಗುತ್ತೇವೆ. ಭೀಷ್ಮ, ದ್ರೋಣ, ಕರ್ಣ ಎಂದರೆ ಯಾರೆಂದು ಮೊದಲೇ ಬಲ್ಲೆವಾದ್ದರಿಂದ ಆ ನಗು ಬರುತ್ತದೆ. ನೈಟ್‌ಗಳ ವಿಷಯದಲ್ಲಿ ಆ ಹಿನ್ನೆಲೆಯನ್ನು ನಾವೇ ಕಟ್ಟಿಕೊಳ್ಳಬೇಕು. ಒಂದು ಗಂಟೆಯ ತಯಾರಿ ಸಾಕು.

ಸಿನಿಮಾಗಳು ಐದು, ಐದು ಸಂಜೆಗಳಿಗೆ ಒಂದೊಂದು. ಮೊದಲನೆಯದು ಹಾಸ್ಯವಲ್ಲ: ದಿ ಸೆವೆಂತ್ ಸೀಲ್ (1957). ಆಮೇಲೆ ದಿ ಕೋರ್ಟ್ ಜೆಸ್ಟರ್ (1955), ಮಾಂಟಿ ಪೈಥಾನ್ ಅಂಡ್ ದ ಹೋಲಿ ಗ್ರೇಲ್ (1975), ಲಾರ್ಮಾತಾ ಬ್ರಾಂಕಾಲಿಯೋನೆ (1966), ಕೊನೆಗೆ ಅದರ ಮುಂದುವರಿಕೆಯಾದ ಬ್ರಾಂಕಾಲಿಯೋನೆ ಆಲ್ಲೆ ಕ್ರೊಚಾತೆ (1970). ಇಸವಿಯ ಪ್ರಕಾರ ನೋಡಬೇಡಿ. ಗಂಭೀರವಾದದ್ದು ಮೊದಲು, ಆಮೇಲೆ ಹಗುರದಿಂದ ಗಾಢಕ್ಕೆ ಹೋಗುವ ಈ ಕ್ರಮವೇ ಸರಿ. ಎರಡನ್ನು ಒಂದೇ ದಿನಕ್ಕೆ ತುರುಕಿದರೆ ಎರಡನೆಯದು ಖಂಡಿತ ಸಪ್ಪೆಯಾಗುತ್ತದೆ. ಒಂದೇ ಬಗೆಯ ಕೋಟೆ, ಕೆಸರು, ಕತ್ತಿ ನೋಡಿ ಕಣ್ಣು ದಣಿದಿರುತ್ತದೆ.

ಮೊದಲ ಹೆಜ್ಜೆ: ಇಸವಿಗಳ ಒಂದು ಚೀಟಿ

ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ. 1095ರ ನವೆಂಬರಿನಲ್ಲಿ ಫ್ರಾನ್ಸಿನ ಕ್ಲೆರ್ಮೊಂಟ್‌ನಲ್ಲಿ ಪೋಪ್ ಎರಡನೇ ಅರ್ಬನ್ ಧರ್ಮಯುದ್ಧಕ್ಕೆ ಕರೆ ಕೊಟ್ಟ. 1096ರಲ್ಲಿ, ದೊಡ್ಡ ಸೈನ್ಯಗಳು ಹೊರಡುವ ಮುಂಚೆಯೇ, ಬಡಬಗ್ಗರ ಗುಂಪುಗಳು ಹೊರಟವು. ಅದೇ ವರ್ಷ ರೈನ್ ನದಿಯ ದಡದ ವರ್ಮ್ಸ್, ಮೈನ್ಜ್ ಊರುಗಳಲ್ಲಿ ಯಹೂದಿಗಳ ಕಗ್ಗೊಲೆಯಾಯಿತು. 1098ರಲ್ಲಿ ಆಂಟಿಯೋಕ್, 1099ರ ಜುಲೈನಲ್ಲಿ ಜೆರುಸಲೇಮ್ ಕ್ರುಸೇಡರುಗಳ ವಶವಾದವು. 1187ರಲ್ಲಿ ಮುಸ್ಲಿಂ ಸುಲ್ತಾನ ಸಲಾದಿನ್ ಜೆರುಸಲೇಮನ್ನು ಮರಳಿ ಗೆದ್ದ. 1204ರಲ್ಲಿ ನಾಲ್ಕನೇ ಕ್ರುಸೇಡಿನವರು ಮುಸ್ಲಿಮರ ಊರಿಗೆ ಹೋಗುವ ಬದಲು ಕ್ರೈಸ್ತರದೇ ಕಾನ್‌ಸ್ಟಾಂಟಿನೋಪಲ್ ನಗರವನ್ನು ಲೂಟಿ ಮಾಡಿದರು. 1291ರಲ್ಲಿ ಅಕ್ಕಾ ಕೋಟೆ ಬಿದ್ದು, ಜೆರುಸಲೇಮಿನ ಸುತ್ತಲ ಪವಿತ್ರ ನಾಡಿನಲ್ಲಿ ಕ್ರುಸೇಡರುಗಳ ಆಳ್ವಿಕೆ ಮುಗಿಯಿತು. ಯುರೋಪಿನ ಮಹಾಪ್ಲೇಗು ಬಂದದ್ದು 1347ರಲ್ಲಿ, ಅಂದರೆ ಅಕ್ಕಾ ಬಿದ್ದು ಐವತ್ತು ವರ್ಷದ ಮೇಲೆ. ಸಿನಿಮಾಗಳು ಪ್ಲೇಗನ್ನೂ ಕ್ರುಸೇಡನ್ನೂ ಸದಾ ಒಟ್ಟಿಗೆ ಬೆರೆಸುತ್ತವೆ. ಈ ಅಂತರ ತಿಳಿದಿರಲಿ.

ಬ್ರಿಟನ್ನಿನ ದಂತಕಥೆಯ ಆರ್ಥರ್ ರಾಜನ ಕಥೆಗೆ ಬೇರೆ ಮೂರು ಗುರುತು. ಜೆಫ್ರಿ ಆಫ್ ಮನ್ಮತ್ 1136ರ ಸುಮಾರಿಗೆ ಅವನನ್ನು ದೊಡ್ಡ ರಾಜನನ್ನಾಗಿ ಬರೆದ. 12ನೇ ಶತಮಾನದ ಕೊನೆಯ ಭಾಗದಲ್ಲಿ ಫ್ರೆಂಚ್ ಕವಿ ಕ್ರೆತಿಯೆನ್ ದ ತ್ರುವಾ ಪರ್ಸಿವಲ್ ಎಂಬ ನೈಟ್‌ನ ಕಾವ್ಯದಲ್ಲಿ ಗ್ರೇಲ್ ಎಂಬ ಪವಿತ್ರ ಪಾತ್ರೆಯನ್ನು ತಂದ. ಇಂಗ್ಲಿಷ್ ಲೇಖಕ ಮ್ಯಾಲೊರಿಯ ಗದ್ಯಕಥೆಯನ್ನು ಮುದ್ರಕ ಕ್ಯಾಕ್ಸ್‌ಟನ್ 1485ರಲ್ಲಿ ಅಚ್ಚು ಹಾಕಿದ. ಕ್ರೆತಿಯೆನ್‌ನ ಕಾವ್ಯದ ಎರಡು ವಿಷಯ ಮುಖ್ಯ. ಊಟದ ಹೊತ್ತಿನಲ್ಲಿ ಗ್ರೇಲ್ ಕಣ್ಣ ಮುಂದೆಯೇ ಹಾದುಹೋದರೂ ಅದೇನೆಂದು ಪರ್ಸಿವಲ್ ಪ್ರಶ್ನೆ ಕೇಳುವುದಿಲ್ಲ, ಅದೇ ಅವನ ಸೋಲು. ಎರಡನೆಯದು, ಆ ಕಾವ್ಯ ಪೂರ್ತಿಯಾಗಲೇ ಇಲ್ಲ. ಮೂರನೇ ಸಂಜೆಗೆ ಇವೆರಡೂ ಬೇಕಾಗುತ್ತವೆ.

ಉಡುಪಿನ ಬಗ್ಗೆ ಒಂದೇ ಮಾತು. ಕ್ರುಸೇಡಿನ ಕಾಲದವರು ತೊಟ್ಟದ್ದು ಉಂಗುರ ಹೆಣೆದ ಕವಚ, ತೂಕ ಸುಮಾರು 10ರಿಂದ 15 ಕೆಜಿ. ಮೈತುಂಬ ಹೊಳೆಯುವ ತಗಡಿನ ಕವಚ 15ನೇ ಶತಮಾನದ್ದು, 15ರಿಂದ 25 ಕೆಜಿ. ಅದನ್ನು ತೊಟ್ಟವನು ತಾನೇ ಕುದುರೆ ಹತ್ತುತ್ತಿದ್ದ. ನೈಟನ್ನು ಹಗ್ಗ ಕಟ್ಟಿ ಮೇಲೆತ್ತಿ ಕುದುರೆ ಮೇಲೆ ಕೂರಿಸುವ ದೃಶ್ಯ ಎಲ್ಲಿ ಕಂಡರೂ ಅದು ಸಿನಿಮಾದವರ ಕಲ್ಪನೆ.

ಎರಡನೇ ಹೆಜ್ಜೆ: ಗಂಭೀರವಾದದ್ದನ್ನು ಮೊದಲು ನೋಡಿ

ಇಂಗ್ಮಾರ್ ಬರ್ಗ್‌ಮನ್‌ನ ದಿ ಸೆವೆಂತ್ ಸೀಲ್ ಸ್ವೀಡಿಷ್ ಭಾಷೆಯ ಕಪ್ಪು–ಬಿಳುಪು ಚಿತ್ರ, ಒಂದೂವರೆ ಗಂಟೆಯ ಆಸುಪಾಸು. ಕ್ರುಸೇಡಿನಿಂದ ಮರಳಿದ ನೈಟ್ ಪ್ಲೇಗು ಹಬ್ಬಿದ ನಾಡಿನಲ್ಲಿ ಸಾವಿನ ಜೊತೆ ಚದುರಂಗ ಆಡುತ್ತಾನೆ. ಇದರಲ್ಲಿ ಮೂರು ದೃಶ್ಯಗಳನ್ನು ಗುರುತಿಟ್ಟುಕೊಳ್ಳಿ: ಕಡಲ ತೀರದಲ್ಲಿ ಕರಿಯ ನಿಲುವಂಗಿಯ ಸಾವು ಎದುರಾಗುವುದು, ಮೈಗೆ ಚಾಟಿಯಿಂದ ಹೊಡೆದುಕೊಳ್ಳುತ್ತಾ ಹೋಗುವ ಭಕ್ತರ ಮೆರವಣಿಗೆ, ಮಾಟಗಾತಿಯೆಂದು ಸುಡಲು ಒಯ್ಯುವ ಹುಡುಗಿ. ಮುಂದಿನ ಹಾಸ್ಯಚಿತ್ರಗಳು ಈ ಮೂರನ್ನೂ ಎತ್ತಿಕೊಂಡು ತಿರುಗಿಸುತ್ತವೆ. ಹೋಲಿ ಗ್ರೇಲ್‌ನಲ್ಲಿ ಲ್ಯಾಟಿನ್ ಹಾಡುತ್ತಾ ಹಲಗೆಯಿಂದ ಹಣೆಗೆ ಹೊಡೆದುಕೊಳ್ಳುವ ಸನ್ಯಾಸಿಗಳಿಗೆ ಆ ಮೆರವಣಿಗೆಯೇ ಮೂಲ. ಎರಡನೇ ಬ್ರಾಂಕಾಲಿಯೋನೆಯ ಆರಂಭದಲ್ಲಿ ಸಾವು ಬಂದು ನಿಂತಾಗ, ಬರ್ಗ್‌ಮನ್ ನೋಡಿದವರಿಗೆ ಮಾತು ಶುರುವಾಗುವ ಮೊದಲೇ ನಗು ಬರುತ್ತದೆ. ಈ ಸಂಜೆಯನ್ನು ಬಿಟ್ಟು ಮುಂದೆ ಹೋಗಬೇಡಿ.

ಮೂರನೇ ಹೆಜ್ಜೆ: ದಿ ಕೋರ್ಟ್ ಜೆಸ್ಟರ್

ಇದು ಮಕ್ಕಳು, ಅಜ್ಜ–ಅಜ್ಜಿ ಎಲ್ಲರೊಂದಿಗೆ ಕೂತು ನೋಡಬಹುದಾದ ಚಿತ್ರ. ಹಾಲಿವುಡ್ಡಿನ ಕತ್ತಿವರಸೆ ಚಿತ್ರಗಳ ಪದ್ಧತಿಗಳೆಲ್ಲ ಇಲ್ಲಿ ಒಂದೇ ಕಡೆ ಸಿಗುತ್ತವೆ: ವೇಷ ಮರೆಸಿ ಅರಮನೆಗೆ ನುಗ್ಗುವುದು, ಹಕ್ಕಿನ ರಾಜಕುಮಾರನಿಗೆ ಮೈಮೇಲೆ ಮಚ್ಚೆ, ವಿಷದ ಬಟ್ಟಲು, ಭರ್ಜಿಯ ಪಂದ್ಯ, ಕೊನೆಯ ಕತ್ತಿ ಕಾಳಗ. ಡ್ಯಾನಿ ಕೇ ನಾಯಕ. ಖಳನಾಗಿ ಬ್ಯಾಸಿಲ್ ರಾತ್‌ಬೋನ್. 1938ರ ರಾಬಿನ್ ಹುಡ್ ಚಿತ್ರದ ಖಳನೂ ಅವರೇ. ಅರವತ್ತು ದಾಟಿದ ಅದೇ ಕತ್ತಿವರಸೆಗಾರನನ್ನು ಕರೆತಂದು ಅದೇ ಕಾಳಗವನ್ನು ಗೇಲಿ ಮಾಡಿಸಿದ್ದಾರೆ. ಬಿಡುವಿದ್ದರೆ ಆ ಹಳೆಯ ಚಿತ್ರದ ಕೊನೆಯ ಹತ್ತು ನಿಮಿಷ ನೋಡಿ ಬನ್ನಿ.

ನೋಡುವಾಗ ಇಂಗ್ಲಿಷ್ ಅಕ್ಷರಗಳು ತೆರೆಯ ಮೇಲೆ ಇರಲಿ. ವಿಷ ಯಾವ ಪಾತ್ರೆಯಲ್ಲಿದೆ ಎಂದು ನೆನಪಿಡಲು ನಾಯಕ ಪರದಾಡುವ ದೃಶ್ಯ ಪೂರ್ತಿ ನಾಲಗೆ ತೊಡರಿಸುವ ಪ್ರಾಸದ ಮೇಲೆ ನಿಂತಿದೆ. ಕಿವಿಗೆ ಒಮ್ಮೆಲೇ ಬೀಳುವುದಿಲ್ಲ, ಬೇರೆ ಭಾಷೆಗೆ ಡಬ್ ಆದರೆ ಸತ್ತೇಹೋಗುತ್ತದೆ. ನೈಟ್ ದೀಕ್ಷೆಯನ್ನು ಓಡುವ ವೇಗದಲ್ಲಿ ಮುಗಿಸುವ ದೃಶ್ಯಕ್ಕೆ ಹಿನ್ನೆಲೆ ಇಷ್ಟು: ರೂಢಿಯಲ್ಲಿ ಹುಡುಗ 7ರ ಹೊತ್ತಿಗೆ ಸೇವೆಗೆ ಸೇರಿ, 14ಕ್ಕೆ ನೈಟ್ ಒಬ್ಬನ ಸಹಾಯಕನಾಗಿ, 21ರ ಸುಮಾರಿಗೆ ದೀಕ್ಷೆ ಪಡೆಯುತ್ತಿದ್ದ. ಅಷ್ಟು ವರ್ಷಗಳದ್ದನ್ನು ಇಲ್ಲಿ ಕೆಲವೇ ನಿಮಿಷಕ್ಕೆ ಇಳಿಸಿದ್ದಾರೆ.

ನಾಲ್ಕನೇ ಹೆಜ್ಜೆ: ಹೋಲಿ ಗ್ರೇಲ್

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಈ ಬಗೆಯ ಚಿತ್ರಗಳಲ್ಲಿ ಇಷ್ಟು ಓದಿಕೊಂಡು ಮಾಡಿದ್ದು ಇನ್ನೊಂದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ನಿರ್ದೇಶಕರು ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯತಂಡದ ಇಬ್ಬರು, ಟೆರ್ರಿ ಗಿಲಿಯಮ್ ಮತ್ತು ಟೆರ್ರಿ ಜೋನ್ಸ್. ಜೋನ್ಸ್ ಮುಂದೆ ಮಧ್ಯಯುಗದ ಇಂಗ್ಲಿಷ್ ಕವಿ ಚಾಸರ್‌ನ ನೈಟ್ ಬಗ್ಗೆ ಪುಸ್ತಕ ಬರೆದವರು, ಕ್ರುಸೇಡ್‌ಗಳ ಬಗ್ಗೆ ಬಿಬಿಸಿ ಸರಣಿ ನಡೆಸಿಕೊಟ್ಟವರು.

ಮೊದಲು ತಾಂತ್ರಿಕ ಎಚ್ಚರಿಕೆಗಳು. ಆರಂಭದ ಹೆಸರುಪಟ್ಟಿಯ ಕೆಳಗೆ ಸ್ವೀಡಿಷ್‌ನಂತೆ ಕಾಣುವ ಸಾಲುಗಳು ಓಡುತ್ತವೆ. ಅವು ಚಿತ್ರದ್ದೇ ಭಾಗ, ಅವನ್ನು ಓದಬೇಕು. ನೀವು ಹಾಕಿದ ಸಬ್‌ಟೈಟಲ್ ಅವುಗಳ ಮೇಲೆ ಬಂದು ಕೂತರೆ ಹಾಸ್ಯ ಮುಚ್ಚಿಹೋಗುತ್ತದೆ. ಹೆಸರುಪಟ್ಟಿ ಮುಗಿಯುವ ತನಕ ಸಬ್‌ಟೈಟಲ್ ತೆಗೆದುಬಿಡಿ, ಮಂಜಿನಿಂದ ಆರ್ಥರ್ ಬರುವ ಹೊತ್ತಿಗೆ ಹಚ್ಚಿ. ವಿಶೇಷ ಆವೃತ್ತಿಯ ಡಿವಿಡಿಯಾದರೆ ದಂತವೈದ್ಯರ ಕುರಿತ ಹಳೆಯ ಕಪ್ಪು–ಬಿಳುಪು ಚಿತ್ರವೊಂದು ಶುರುವಾಗುತ್ತದೆ. ಡಿಸ್ಕ್ ತಪ್ಪಿ ಬಂದಿದೆ ಎಂದು ತೆಗೆಯಬೇಡಿ, ಸ್ವಲ್ಪ ಕಾಯಿರಿ. ಕೊನೆಯ ಭಾಗದಲ್ಲಿ ಮಧ್ಯಂತರದ ಫಲಕ ಬರುತ್ತದೆ. ಅದು ಕೆಲವೇ ಕ್ಷಣ, ಯಾರೂ ಕಾಫಿಗೆ ಏಳದಿರಲಿ. ಚಿತ್ರ ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಕೊನೆಯ ಹೆಸರುಪಟ್ಟಿ ಇಲ್ಲ, ಖಾಲಿ ತೆರೆಯ ಮೇಲೆ ಆರ್ಗನ್ ಸಂಗೀತ ಮಾತ್ರ. ಫೈಲ್ ತುಂಡಾಗಿದೆ ಎಂದು ಎಷ್ಟೋ ಜನ ಹಿಂದೆ ಮುಂದೆ ಓಡಿಸಿ ನೋಡುತ್ತಾರೆ. ತುಂಡಾಗಿಲ್ಲ. ಕ್ರೆತಿಯೆನ್‌ನ ಕಾವ್ಯವೂ ಹೀಗೆ ಅರ್ಧಕ್ಕೇ ನಿಂತದ್ದನ್ನು ಇಲ್ಲಿ ನೆನಪಿಸಿಕೊಳ್ಳಿ.

ಹಣದ ಕೊರತೆ ಈ ಚಿತ್ರದ ರೂಪವನ್ನೇ ನಿರ್ಧರಿಸಿತು. ಪಿಂಕ್ ಫ್ಲಾಯ್ಡ್, ಲೆಡ್ ಜೆಪ್ಲಿನ್ ಸಂಗೀತ ತಂಡಗಳು ಬಂಡವಾಳ ಹಾಕಿದವರಲ್ಲಿ ಸೇರಿದ್ದವು. ಕುದುರೆಗಳಿಗೆ ಹಣ ಸಾಲಲಿಲ್ಲ; ಆದ್ದರಿಂದ ಆರ್ಥರ್ ಕುಪ್ಪಳಿಸುತ್ತಾನೆ, ಹಿಂದಿನಿಂದ ಸೇವಕ ತೆಂಗಿನ ಕರಟ ಬಡಿಯುತ್ತಾನೆ. ಉಂಗುರದ ಕವಚಗಳು ಉಣ್ಣೆಯಲ್ಲಿ ಹೆಣೆದು ಬೆಳ್ಳಿಬಣ್ಣ ಹಚ್ಚಿದವು. 1974ರಲ್ಲಿ ಸ್ಕಾಟ್ಲೆಂಡಿನಲ್ಲಿ ಚಿತ್ರೀಕರಣಕ್ಕೆ ಮುಂಚೆ ಹಲವು ಕೋಟೆಗಳ ಅನುಮತಿ ಕೈತಪ್ಪಿತು, ಹಾಗಾಗಿ ಸ್ಟರ್ಲಿಂಗ್ ಬಳಿಯ ಡೂನ್ ಕೋಟೆಯೊಂದೇ ಬೇರೆ ಬೇರೆ ಕೋನಗಳಿಂದ ಹಲವು ಕೋಟೆಗಳಾಯಿತು. ಕೊನೆಯಲ್ಲಿ ನೀರಿನ ನಡುವೆ ಕಾಣುವುದು ಕ್ಯಾಸಲ್ ಸ್ಟಾಕರ್. ಆ ಕಡೆ ಪ್ರವಾಸ ಹೋಗುವ ಕನ್ನಡಿಗರು ಡೂನ್ ಕೋಟೆಗೆ ಅರ್ಧ ದಿನ ಇಟ್ಟುಕೊಳ್ಳಿ. ಅಲ್ಲಿನ ಆಡಿಯೋ ಮಾರ್ಗದರ್ಶನಕ್ಕೆ ದನಿ ಕೊಟ್ಟವರು ಟೆರ್ರಿ ಜೋನ್ಸ್.

ಇನ್ನು ದೃಶ್ಯಗಳು. ತೆಂಗು ಇಂಗ್ಲೆಂಡಿಗೆ ಹೇಗೆ ಬಂತು ಎಂಬ ಮೊದಲ ಜಗಳದಲ್ಲಿ, ಐದು ಔನ್ಸಿನ ಸ್ವಾಲೋ ಹಕ್ಕಿ ಒಂದು ಪೌಂಡಿನ ಕಾಯಿ ಹೊರಲಾರದು ಎಂದು ಕಾವಲುಗಾರ ಲೆಕ್ಕ ಹಾಕುತ್ತಾನೆ. ಐದು ಔನ್ಸ್ ಎಂದರೆ ಸುಮಾರು 140 ಗ್ರಾಂ. ಯುರೋಪಿನ ಸ್ವಾಲೋ ನಿಜದಲ್ಲಿ ತೂಗುವುದು 20 ಗ್ರಾಂ ಆಸುಪಾಸು. ಚಳಿಗಾಲಕ್ಕೆ ಕರ್ನಾಟಕದ ಕರೆಂಟು ತಂತಿಗಳ ಮೇಲೆ ಸಾಲುಗಟ್ಟಿ ಕೂರುವುದೂ ಇದೇ ಜಾತಿಯ ಹಕ್ಕಿ. ಮಧ್ಯಯುಗದ ಇಂಗ್ಲೆಂಡಿಗೆ ತೆಂಗು ನಿಜವಾಗಿಯೂ ತಲುಪಿತ್ತು: ವ್ಯಾಪಾರದ ದಾರಿಯಲ್ಲಿ ದೂರದಿಂದ ಬಂದ ಕರಟಕ್ಕೆ ಬೆಳ್ಳಿಯ ಕಾಲು, ಅಂಚು ಕಟ್ಟಿಸಿ ಪಾನಪಾತ್ರೆ ಮಾಡುತ್ತಿದ್ದರು. ಆಕ್ಸ್‌ಫರ್ಡಿನ ನ್ಯೂ ಕಾಲೇಜಿನಲ್ಲಿ 15ನೇ ಶತಮಾನದ ಅಂಥ ಪಾತ್ರೆಗಳಿವೆ.

ಕಪ್ಪು ನೈಟ್ ಸೇತುವೆ ಅಡ್ಡಗಟ್ಟಿ ನಿಲ್ಲುವುದು ಬರೀ ಕಥೆಯಲ್ಲ. ಸ್ಪೇನಿನ ಸುವೇರೊ ದೆ ಕಿನ್ಯೋನೆಸ್ ಎಂಬ ನೈಟ್ 1434ರಲ್ಲಿ ಓರ್ಬಿಗೊ ನದಿಯ ಸೇತುವೆಯ ಬಳಿ ಸಂಗಡಿಗರೊಂದಿಗೆ ನಿಂತು, 300 ಭರ್ಜಿ ಮುರಿಯುವ ತನಕ ಬಂದವರೊಂದಿಗೆಲ್ಲ ಕಾದುವೆನೆಂದು ಪಣ ತೊಟ್ಟಿದ್ದ. ಗಾಯಗಳು ಹೆಚ್ಚಾಗಿ, ಲೆಕ್ಕ ಮುಟ್ಟುವ ಮೊದಲೇ ನಿಲ್ಲಿಸಬೇಕಾಯಿತು. ಕೈಕಾಲು ಕತ್ತರಿಸಿ ಬಿದ್ದರೂ ಸವಾಲು ಬಿಡದ ಸಿನಿಮಾದ ನೈಟ್ ಅಂಥ ಪಣದ ತುತ್ತತುದಿ. ರಕ್ತ ಚಿಮ್ಮುವ ಈ ದೃಶ್ಯ ಮತ್ತು ಹೆಂಗಸರೇ ಇರುವ ಕೋಟೆಯ ದೃಶ್ಯ ಇರುವುದರಿಂದ ಪುಟ್ಟ ಮಕ್ಕಳನ್ನು ಈ ಸಂಜೆ ಕೂರಿಸಬೇಡಿ.

ಮಾಟಗಾತಿಯನ್ನು ಬಾತುಕೋಳಿಯ ಜೊತೆ ತೂಗುವ ತರ್ಕದ ಹಿಂದೆ ನಿಜವಾದ ನ್ಯಾಯಪದ್ಧತಿ ಇದೆ. ಆರೋಪಿಯನ್ನು ನೀರಿಗಿಳಿಸಿ, ತೇಲಿದರೆ ತಪ್ಪಿತಸ್ಥ, ಮುಳುಗಿದರೆ ನಿರ್ದೋಷಿ ಎನ್ನುವ ದಿವ್ಯಪರೀಕ್ಷೆ ಅದು. 1215ರಲ್ಲಿ ಚರ್ಚಿನ ಲ್ಯಾಟರನ್ ಮಹಾಸಭೆ ಪಾದ್ರಿಗಳು ಇಂಥದ್ದರಲ್ಲಿ ಭಾಗವಹಿಸಬಾರದೆಂದು ನಿಷೇಧಿಸಿತು. ಕತ್ತು ಕಚ್ಚುವ ಮೊಲಕ್ಕೂ ಆಧಾರವುಂಟು: ಹಸ್ತಪ್ರತಿಗಳ ಅಂಚಿನಲ್ಲಿ ಆಗಿನ ಚಿತ್ರಕಾರರು ಬೇಟೆಗಾರರನ್ನೇ ಬೇಟೆಯಾಡುವ ಮೊಲಗಳನ್ನು ಬರೆಯುತ್ತಿದ್ದರು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಸ್ಮಿತ್‌ಫೀಲ್ಡ್ ಡಿಕ್ರೀಟಲ್ಸ್ ಪ್ರತಿಯಲ್ಲಿ ಅವು ಸಾಲಾಗಿ ಸಿಗುತ್ತವೆ.

ಆ ಮೊಲವನ್ನು ಕೊಲ್ಲಲು ತರುವ ಕೈಬಾಂಬಿಗೆ ಆಂಟಿಯೋಕ್‌ನ ಹೆಸರಿದೆ. ಚೀಟಿ ನೋಡಿ: 1098. ಗೆದ್ದ ಊರಿನೊಳಗೇ ಶತ್ರುಗಳ ಮುತ್ತಿಗೆಗೆ ಸಿಕ್ಕು ಹಸಿದಿದ್ದ ಕ್ರುಸೇಡರುಗಳಿಗೆ ಪೀಟರ್ ಬಾರ್ಥಲೋಮ್ಯು ಎಂಬವನು ಚರ್ಚಿನ ನೆಲ ಅಗೆಸಿ, ಯೇಸುವಿನ ಪಕ್ಕೆಗೆ ಚುಚ್ಚಿದ ಭರ್ಜಿಯೇ ಸಿಕ್ಕಿತೆಂದು ತೋರಿಸಿದ. ಸೈನ್ಯ ಹುರುಪಿನಿಂದ ಹೊರಬಿದ್ದು ಗೆದ್ದಿತು. ಮರುವರ್ಷ ಅದು ನಿಜವೇ ಎಂಬ ಜಗಳದಲ್ಲಿ ಅವನು ಬೆಂಕಿಯ ನಡುವೆ ನಡೆದು, ಸುಟ್ಟಗಾಯಗಳಿಂದ ಸತ್ತ. ಪವಿತ್ರ ಆಯುಧ, ಅದಕ್ಕೊಂದು ಶಾಸ್ತ್ರಗ್ರಂಥ, ಮೂರರ ತನಕ ಎಣಿಸುವ ವಿಧಿ, ಎಲ್ಲದರ ಹಿಂದೆಯೂ ಈ ಘಟನೆಯ ನೆರಳಿದೆ ಎಂದು ತಿಳಿದು ನೋಡಿದರೆ ಆ ದೃಶ್ಯದ ಬಲವೇ ಬೇರೆ. ಕೊನೆಯ ಸೇತುವೆಯಲ್ಲಿ ಮುದುಕ ಕೇಳುವ ಪ್ರಶ್ನೆಗಳೂ ಹಾಗೆಯೇ. ಪರ್ಸಿವಲ್ ಕೇಳದೆ ಸೋತ, ಇವರು ಉತ್ತರಿಸಲಾಗದೆ ಬೀಳುತ್ತಾರೆ.

ಕರಟದ ಸದ್ದು ಮಾಡುವ ಬಗೆ

ಗುಂಪಿನಲ್ಲಿ ನೋಡುವವರು ಇದನ್ನು ಮಾಡಿಯೇ ಮಾಡಿ. ಚೆನ್ನಾಗಿ ಬಲಿತ, ಅಂಗೈಗೆ ಹಿಡಿಯುವಷ್ಟು ಗಾತ್ರದ ಕಾಯಿ ಆರಿಸಿ. ಕಲ್ಲಿಗೆ ಹೊಡೆದರೆ ಅಂಚು ಓರೆಕೋರೆಯಾಗಿ ಎರಡು ಹೋಳೂ ಪೂರ್ತಿ ಕೂಡುವುದಿಲ್ಲ. ನಡುಸುತ್ತಿಗೆ ಗರಗಸದಿಂದಲೇ ಕೊಯ್ಯಿರಿ. ಹೋಳುಗಳನ್ನು ಬಿಸಿಲಿಗಿಟ್ಟು ತಿರುಳು ಸೊರಗಿ ತಾನಾಗಿ ಬಿಡುವ ತನಕ ಕಾಯಿರಿ, ಹಸಿ ತಿರುಳು ಅಂಟಿದ್ದರೆ ಸದ್ದು ಮಂಕಾಗುತ್ತದೆ. ಮರಳುಕಾಗದದಿಂದ ಅಂಚು ಸಮಮಾಡಿ. ಸಿನಿಮಾದಲ್ಲಿರುವಂತೆ ಎರಡನ್ನೂ ಒಂದಕ್ಕೊಂದು ಬಡಿದರೆ ಗಟ್ಟಿನೆಲದ ಮೇಲಿನ ಗೊರಸಿನ ಸದ್ದು ಬರುತ್ತದೆ. ಮೆತ್ತನೆಯ ದಾರಿ ಬೇಕಿದ್ದರೆ ತಟ್ಟೆಯಲ್ಲಿ ಒಣಮಣ್ಣು ಅದುಮಿ ಅದರ ಮೇಲೆ ಬಡಿಯಿರಿ. ನಡಿಗೆಗೆ ಸಮ ಅಂತರದ ನಾಲ್ಕು ಪೆಟ್ಟು, ದುಡುಕು ನಡಿಗೆಗೆ ಎರಡು, ಓಟಕ್ಕೆ ಮೂರು ಪೆಟ್ಟು ಬಡಿದು ಒಂದು ಕ್ಷಣ ಬಿಡುವು. ಈ ಬಿಡುವನ್ನು ಮರೆತರೆ ಕುದುರೆ ಹೋಗಿ ಬಾಗಿಲು ತಟ್ಟಿದಂತೆ ಕೇಳುತ್ತದೆ.

ಐದನೇ ಹೆಜ್ಜೆ: ಬ್ರಾಂಕಾಲಿಯೋನೆಯ ಎರಡು ಸಂಜೆ

ಮಾರಿಯೊ ಮೊನಿಚೆಲ್ಲಿಯ ಈ ಜೋಡಿ ಚಿತ್ರಗಳು ನಮ್ಮಲ್ಲಿ ಹೆಚ್ಚು ಜನ ನೋಡದೇ ಇರುವುದು ದೊಡ್ಡ ನಷ್ಟ. ವಿತ್ತೋರಿಯೊ ಗಾಸ್‌ಮನ್ ಬಡ ನೈಟ್ ಬ್ರಾಂಕಾಲಿಯೋನೆ. ಕಳ್ಳರು ಕದ್ದ ಪತ್ರವೊಂದರ ಬಲದಿಂದ ಇಟಲಿಯ ದಕ್ಷಿಣದ ಔರೊಕಾಸ್ತ್ರೊ ಜಹಗೀರನ್ನು ಪಡೆಯಲು ನಾಲ್ಕಾರು ದಿಕ್ಕುಗೆಟ್ಟವರ ದಂಡು ಕಟ್ಟಿಕೊಂಡು ಹೊರಡುತ್ತಾನೆ. ಪತ್ರ ಹರಿದಿದೆ, ಹರಿದುಹೋದ ಭಾಗದಲ್ಲಿ ಏನಿತ್ತು ಎಂಬುದು ಗುರಿ ಮುಟ್ಟಿದ ಮೇಲೆ ತಿಳಿಯುತ್ತದೆ. ಈ ಚಿತ್ರದ ಬಳಿಕ ಇಟಲಿಯಲ್ಲಿ ಅಡ್ಡಾದಿಡ್ಡಿ ಗುಂಪಿಗೆಲ್ಲ ಬ್ರಾಂಕಾಲಿಯೋನೆಯ ಸೈನ್ಯ ಎನ್ನುವುದು ರೂಢಿಯಾಯಿತು.

ಇಟಾಲಿಯನ್ ಧ್ವನಿಯಲ್ಲೇ ನೋಡಿ. ಸಂಭಾಷಣೆಗೆ ಬಳಸಿದ್ದು ನಿಜವಾದ ಯಾವ ಭಾಷೆಯೂ ಅಲ್ಲ. ಮುರುಕು ಲ್ಯಾಟಿನ್, ಹಳ್ಳಿಯ ನುಡಿ, ಹಳೆಯ ಇಟಾಲಿಯನ್ ಬೆರೆಸಿ ಕಟ್ಟಿದ್ದು. ಪಂಪನ ವೃತ್ತದ ಠೀವಿಯಲ್ಲಿ ಶುರುವಾದ ವಾಕ್ಯ ಸಂತೆಯ ಬೈಗುಳದಲ್ಲಿ ಮುಗಿದರೆ ಹೇಗೋ ಹಾಗೆ. ಇಂಗ್ಲಿಷ್ ಸಬ್‌ಟೈಟಲ್ ಅರ್ಥ ಮಾತ್ರ ಕೊಡುತ್ತದೆ, ಠೀವಿ ಎಲ್ಲಿ ಮುರಿಯಿತು ಎಂದು ತಿಳಿಯಲು ಗಾಸ್‌ಮನ್‌ನ ದನಿಯನ್ನೇ ಹಿಂಬಾಲಿಸಬೇಕು. ಮೊದಲ ಇಪ್ಪತ್ತು ನಿಮಿಷ ಇದು ಕಷ್ಟ, ಆಮೇಲೆ ಕಿವಿ ಪಳಗುತ್ತದೆ. ಚಿತ್ರದ ಉದ್ದ ಎರಡು ಗಂಟೆ. ಸಿಕ್ಕ ಪ್ರತಿ ತೀರಾ ಚಿಕ್ಕದಿದ್ದರೆ ಕತ್ತರಿಸಿದ್ದೆಂದು ತಿಳಿದು ಬೇರೆ ಹುಡುಕಿ. ಪಿಯೆರೊ ಗೆರಾರ್ದಿಯ ಉಡುಪುಗಳನ್ನು ದೊಡ್ಡ ತೆರೆಯಲ್ಲಿ ನೋಡಬೇಕು, ಮೊಬೈಲಿನಲ್ಲಿ ಕೆಸರಿನ ಬಣ್ಣ ಬಿಟ್ಟು ಏನೂ ಉಳಿಯುವುದಿಲ್ಲ.

ಎರಡನೇ ಚಿತ್ರ ಕ್ರುಸೇಡಿನದೇ. ದಂಡು ನಾಶವಾಗಿ, ಸಾವಿನೊಂದಿಗೆ ವಾಯಿದೆ ಮಾಡಿಕೊಂಡು ನಾಯಕ ಪವಿತ್ರ ನಾಡಿಗೆ ಹೋಗುತ್ತಾನೆ. ದಾರಿಯಲ್ಲಿ ಇಬ್ಬರು ಪೋಪ್‌ಗಳಲ್ಲಿ ನಿಜವಾದವನು ಯಾರೆಂದು ತೀರ್ಮಾನಿಸಲು ಕೆಂಡದ ಮೇಲಿನ ನಡಿಗೆ ನಡೆಯುತ್ತದೆ. ಆ ಜಗಳ ಇತಿಹಾಸದ್ದು: ಏಳನೇ ಗ್ರೆಗರಿ ಮತ್ತು ಅವನ ಎದುರಾಳಿ ಮೂರನೇ ಕ್ಲೆಮೆಂಟ್. ಆದರೆ ಗ್ರೆಗರಿ 1085ರಲ್ಲೇ ತೀರಿಕೊಂಡಿದ್ದ, ಕ್ರುಸೇಡಿನ ಕರೆಗೆ ಹತ್ತು ವರ್ಷ ಮುಂಚೆ. ಜೆರುಸಲೇಮಿನ ಗೋಡೆಯ ಹೊರಗೆ ಸಿಗುವ ಬೊಯೆಮೊಂದೊ, 1098ರಲ್ಲಿ ಆಂಟಿಯೋಕ್ ಹಿಡಿದು ತನಗೇ ಇಟ್ಟುಕೊಂಡ ನಾರ್ಮನ್ ನಾಯಕನ ಹೆಸರಿನವನು. ಕೊನೆಯ ಭಾಗದಲ್ಲಿ ಮಾತು ಪ್ರಾಸದ ಪದ್ಯಕ್ಕೆ ತಿರುಗುತ್ತದೆ. ನೈಟ್‌ಗಳು ಮತ್ತು ಸಾರಸೆನ್ ಎಂದು ಕರೆಯುತ್ತಿದ್ದ ಮುಸ್ಲಿಮರ ಕಾಳಗವನ್ನು ಆಡಿಸುವ ಸಿಸಿಲಿಯ ಗೊಂಬೆಯಾಟದ ಧಾಟಿ ಅದು.

ಧರ್ಮಯುದ್ಧದ ಹಾಸ್ಯಕ್ಕೆ ಒಂದು ಒರೆಗಲ್ಲು ಇಟ್ಟುಕೊಳ್ಳಿ: ನಗು ಯಾರ ಮೇಲೆ ಬೀಳುತ್ತಿದೆ? 1099ರಲ್ಲಿ ಜೆರುಸಲೇಮಿನ ಒಳಗೆ ಮುಸ್ಲಿಮರೂ ಯಹೂದಿಗಳೂ ಕೊಲೆಯಾದರು. ಸತ್ತವರನ್ನು ನಗೆಪಾಟಲು ಮಾಡುವ ಚಿತ್ರ ಹಾಸ್ಯವಾಗಿ ಸೋಲುತ್ತದೆ. ಮೊನಿಚೆಲ್ಲಿಯ ನಗು ಬಹುಪಾಲು ಹೊರಟವರ ದುರಾಸೆ, ಜಂಬ, ಕುರುಡು ನಂಬಿಕೆಯ ಮೇಲೆ. ಮೊದಲ ಚಿತ್ರದಲ್ಲಿ ನಂಬಿಕೆಯೇ ಸೇತುವೆಯನ್ನು ಹಿಡಿದು ನಿಲ್ಲಿಸುತ್ತದೆ ಎನ್ನುವ ಸನ್ಯಾಸಿಯ ದೃಶ್ಯವೇ ಸಾಕ್ಷಿ. ಅದೇ ಚಿತ್ರದ ಮುದಿ ಯಹೂದಿ ವ್ಯಾಪಾರಿ ಅಬಾಕುಕ್ ಮಾತ್ರ ಕೆಲವೆಡೆ ಹಳೆಯ ಅಚ್ಚಿನ ಪಾತ್ರವಾಗುತ್ತಾನೆ. ಗುಂಪಿನಲ್ಲಿ ನೋಡುವವರು ಅದನ್ನು ಮಾತಾಡಿ, ಮುಚ್ಚಿಡಬೇಡಿ.

ಇನ್ನೂ ಬೇಕೆನ್ನುವವರಿಗೆ

1123ನೇ ಇಸವಿಯ ನೈಟ್ ಮತ್ತು ಸೇವಕ 20ನೇ ಶತಮಾನಕ್ಕೆ ಬಂದು ಬೀಳುವ ಫ್ರೆಂಚ್ ಚಿತ್ರ ಲೆ ವಿಸಿತೂರ್ (1993) ನೋಡಿ. ಅದೇ ಕಥೆಯನ್ನು 2001ರಲ್ಲಿ ಇಂಗ್ಲಿಷಿನಲ್ಲಿ ಮತ್ತೆ ತೆಗೆದದ್ದು ಬೇಡ, ಹಳೆ ಫ್ರೆಂಚಿನಂತೆ ಕೇಳುವ ಮಾತಿನ ಸೊಗಸು ಅದರಲ್ಲಿಲ್ಲ. ಭರ್ಜಿ ಪಂದ್ಯವೇ ಇಷ್ಟವಾದವರಿಗೆ ಎ ನೈಟ್ಸ್ ಟೇಲ್ (2001). ಅದರಲ್ಲಿ ಭರ್ಜಿ ಸಿಡಿಯುವುದು ಕಣ್ಣಿಗೆ ಕಟ್ಟುವಂತಿರಲು ಕಾರಣ, ಹಗುರ ಬಾಲ್ಸಾ ಮರದ ತುದಿಯನ್ನು ಟೊಳ್ಳು ಮಾಡಿ ಮರದ ಚೂರು ಮತ್ತು ಬೇಯಿಸದ ಲಿಂಗ್ವಿನಿ ಪಾಸ್ತಾ ತುಂಬಿದ್ದು. ಪಂದ್ಯದ ಕಣದಲ್ಲಿ ಕ್ವೀನ್ ಎಂಬ ರಾಕ್ ಸಂಗೀತ ತಂಡದ ಹಾಡು ಕೇಳಿದಾಗ ಕಾಲ ತಪ್ಪಿತೆಂದು ಬೇಸರಿಸಬೇಡಿ. ಅಂದಿನ ಜನ ತಮ್ಮ ಕಾಲದ ಗದ್ದಲವನ್ನು ಕೇಳಿದಂತೆಯೇ ನಾವೂ ಕೇಳಲಿ ಎಂದು ಅದನ್ನು ಬೇಕೆಂದೇ ಹಾಕಿದ್ದಾರೆ, ಅದು ಕೆಲಸವನ್ನೂ ಮಾಡುತ್ತದೆ.